ಸಭೆಗೆ ಸೇರಿದವರಾರು?

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಒಹಾಯೋವಿನ ಈಶಾನ್ಯಭಾಗದಲ್ಲಿ ಹೋಮ್ಸ್ ಎಂಬ ಕೌಂಟಿಯೊಂದುಂಟು. ಕೌಂಟಿಯೆಂದರೆ ಸಂಸ್ಥಾನದ ಒಂದು ಆಡಳಿತವಿಭಾಗ. ಗುಡ್ಡಗಳು, ಹುಲ್ಲುಗಾವಲು, ಹಾಲಿನ ಹಸುಗಳು, ರಸ್ತೆಯಲ್ಲಿ ಇಂದಿಗೂ ಕುದುರೆಗಾಡಿಗಳು. 2020ನೆಯ ಇಸವಿಯ ಖಾನೇಷುಮಾರಿಯಂತೆ ಅಲ್ಲಿನ ಜನಸಂಖ್ಯೆ 44,223. ಇವರಲ್ಲಿ ಯಾವ ಮತದವರು ಎಷ್ಟು ಮಂದಿಯೆಂದು ಕೇಳಿದರೆ ಮಾತ್ರ ಆ ಖಾನೇಷುಮಾರಿ ಮೌನವನ್ನು ತಾಳುತ್ತದೆ.

ಇದು ನಮಗೆ ಸೋಜಿಗವಾಗಿ ತೋರಬಹುದು. ಹಿಂದೂದೇಶದ ಗಣತಿಯಲ್ಲಿ ಮತವನ್ನು ವಿಚಾರಿಸುವುದು ಹತ್ತೊಂಬತ್ತನೆಯ ಶತಮಾನದಿಂದಲೂ ನಡೆದುಬಂದ ಪದ್ಧತಿ. ಅಮೆರಿಕಾದಲ್ಲಾದರೋ ಹತ್ತು ವರ್ಷಕ್ಕೊಮ್ಮೆ ಮನೆಬಾಗಿಲಿಗೆ ಬರುವ ಗಣತಿದಾರನು ಈ ಪ್ರಶ್ನೆಯನ್ನೇ ಹಾಕಿದವನಲ್ಲ. ಉತ್ತರ ಕೊಡಲೇಬೇಕೆಂದು ಯಾರನ್ನೂ ಬಲಾತ್ಕರಿಸಕೂಡದೆಂದು 1976ರಲ್ಲಿ ಶಾಸನವೂ ಆಯಿತು. ಸರ್ಕಾರವು ವಿಚಾರಿಸಿದ್ದು ವ್ಯಕ್ತಿಗಳನ್ನಲ್ಲ, ಚರ್ಚುಗಳನ್ನು. 1850ರಲ್ಲಿ ಎಣಿಸಿದ್ದು ಚರ್ಚುಗಳೆಷ್ಟು, ಅವುಗಳಲ್ಲಿ ಎಷ್ಟು ಜನ ಕುಳಿತುಕೊಳ್ಳಬಹುದು, ಆಸ್ತಿಯ ಬೆಲೆಯೆಷ್ಟು ಎಂಬುದನ್ನು. ಬೆಂಚುಗಳನ್ನೆಣಿಸಿ ಭಕ್ತಿಯನ್ನು ಅಳೆದಂತೆ! ಸದಸ್ಯರ ಎಣಿಕೆ ಬಂದದ್ದು 1890ರಲ್ಲಿ. 1906ರಿಂದ 1936ರವರೆಗೆ ಹತ್ತು ವರ್ಷಕ್ಕೊಮ್ಮೆ ಮತಸಂಸ್ಥೆಗಳ ಪ್ರತ್ಯೇಕ ಗಣತಿ ನಡೆದು, ಆಮೇಲೆ ನಿಂತುಹೋಯಿತು. ತರುವಾಯ ಚರ್ಚುಗಳವರೇ ಕೂಡಿ 1952ರ ಲೆಕ್ಕವನ್ನು ಕೌಂಟಿವಾರಾಗಿ ಸಿದ್ಧಪಡಿಸಿದರು. ಅಂಥ ಎಣಿಕೆ ಈಚೆಗೆ 2020ರಲ್ಲಿಯೂ ನಡೆದಿದೆ.

ಆದರೆ ಸದಸ್ಯನೆಂದರೆ ಯಾರು? ತೊಡಕೆಲ್ಲ ಇರುವುದು ಇಲ್ಲಿಯೇ. ತಂದೆ, ತಾಯಿ, ನಾಲ್ಕು ಮಂದಿ ಸಣ್ಣ ಮಕ್ಕಳಿರುವ ಒಂದು ಸಂಸಾರವನ್ನು ಭಾವಿಸಿಕೊಳ್ಳಿ. ಅವರು ಕ್ಯಾಥೊಲಿಕರಾದರೆ, ಶಿಶುಗಳಿಗೂ ದೀಕ್ಷಾಸ್ನಾನವಾಗಿರುವುದರಿಂದ, ಸದಸ್ಯರು ಆರು. ಬ್ಯಾಪ್ಟಿಸ್ಟರಾದರೆ, ತಿಳಿವಳಿಕೆ ಬಂದು ತಾವಾಗಿ ನಂಬಿಕೆಯನ್ನು ಹೇಳಿಕೊಂಡು ನೀರಿನಲ್ಲಿ ಮುಳುಗಿದವರು ಮಾತ್ರ ಲೆಕ್ಕಕ್ಕೆ ಬರುವುದರಿಂದ, ಎರಡೇ. ಈ ಅಂತರವನ್ನು ಸರಿದೂಗಿಸಲು ಲೆಕ್ಕಿಗರು ಮಕ್ಕಳನ್ನೂ ಸೇರಿಸಿ 'ಅನುಯಾಯಿಗಳು' ಎಂಬ ಇನ್ನೊಂದು ಅಂಕಣವನ್ನು ಕಲ್ಪಿಸಿದರು. ಇನ್ನೊಂದು ವಿನೋದವುಂಟು: ಭಕ್ತರನ್ನು ಎಣಿಸುವುದು ಚರ್ಚು ಇರುವ ಸ್ಥಳದಲ್ಲಿ, ಅವರ ಮನೆಯಿರುವ ಸ್ಥಳದಲ್ಲಿ ಅಲ್ಲ. ಆದಕಾರಣ ಕೆಲವು ಸಣ್ಣ ಕೌಂಟಿಗಳಲ್ಲಿ ಜನರಿಗಿಂತ ಅನುಯಾಯಿಗಳೇ ಹೆಚ್ಚು!

ಹೋಮ್ಸ್ ಕೌಂಟಿಯಲ್ಲಿ ಹೆಚ್ಚುಕಡಮೆ ಅರ್ಧಭಾಗದಷ್ಟು ಜನ ಅಮಿಷ್ ಪಂಗಡದವರು. ಇವರಿಗೆ ಸಾಮಾನ್ಯವಾಗಿ ಚರ್ಚಿನ ಕಟ್ಟಡವೇ ಇಲ್ಲ. ಇಪ್ಪತ್ತು ನಲವತ್ತು ಸಂಸಾರಗಳದು ಒಂದು ಸಭೆ; ವಾರ ಬಿಟ್ಟು ವಾರ, ಭಾನುವಾರದಂದು, ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಆರಾಧನೆ. ಬೆಂಚುಗಳು ಒಂದು ಬಂಡಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತವೆ. 1850ರ ಗಣತಿದಾರನು ಇದನ್ನು ಯಾವ ಅಂಕಣದಲ್ಲಿ ಬರೆಯಬೇಕಾಗಿತ್ತೋ!

ಇವರ ಮೂಲ 1525ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಹುಟ್ಟಿದ ಪಂಥ. ಶಿಶುವಿಗೆ ಮಾಡಿದ ಸ್ನಾನ ಸ್ನಾನವಲ್ಲ, ಬುದ್ಧಿ ತಿಳಿದವನು ತಾನೇ ಕೋರಿ ಪಡೆಯಬೇಕು ಎಂಬುದು ಅವರ ವಾದ. ಅದಕ್ಕಾಗಿ ಫೆಲಿಕ್ಸ್ ಮಾಂಜ್ ಎಂಬುವನನ್ನು 1527ರಲ್ಲಿ ಅಲ್ಲಿನ ನದಿಯಲ್ಲಿ ಮುಳುಗಿಸಿ ಕೊಂದರು. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಹಿರಿಯನು, ಸಭೆಯಿಂದ ಹೊರಗಾದವರೊಡನೆ ಊಟ ಉಪಚಾರಗಳನ್ನೂ ಬಿಡಬೇಕೆಂದು ಹಟಹಿಡಿದು ಬೇರೆಯಾದನು. ಅಮಿಷ್ ಎಂಬ ಹೆಸರು ಅವನಿಂದಲೇ ಬಂದದ್ದು.

ಆದ್ದರಿಂದ ಹದಿನೆಂಟು ಇಪ್ಪತ್ತರ ಪ್ರಾಯದ ಅಮಿಷ್ ಹುಡುಗನಿಗೆ ಸದಸ್ಯತ್ವವು ಬರಿಯ ಅಂಕಿಯಲ್ಲ. ದೀಕ್ಷಾಸ್ನಾನಕ್ಕೆ ಮುಂಚೆ ಅವನು ಬೇರೆ ದಾರಿ ಹಿಡಿದರೆ ಹೆತ್ತವರು ಕಣ್ಣೀರಿಟ್ಟಾರು, ಆದರೆ ಬಹಿಷ್ಕಾರವಿಲ್ಲ, ಅವನಿನ್ನೂ ಸಭೆಯವನಾಗಿರಲಿಲ್ಲವಷ್ಟೆ. ಮಂಡಿಯೂರಿ ಪ್ರತಿಜ್ಞೆ ಮಾಡಿದ ಮೇಲೆ ಬಿಟ್ಟುಹೋದರೆ ಬಹಿಷ್ಕಾರ. ಬಹುಮಂದಿ ತರುಣರು ಸೇರಿಯೇ ಸೇರುತ್ತಾರೆ. ಬಿಟ್ಟುಹೋದವನು ಎಂದಾದರೂ ತೌರೂರಿಗೆ ಬಂದರೆ, ಕಟ್ಟುನಿಟ್ಟಾದ ಸಭೆಗಳಲ್ಲಿ, ತಾಯಿ ಅವನಿಗೂ ಅನ್ನವಿಕ್ಕುತ್ತಾಳೆ. ಆದರೆ ಅವನ ಮೇಜು ಬೇರೆ.