ದುಗುಡವೋ, ದಿಗಿಲೋ?

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ನಮಗೆ ಮನೆಯಲ್ಲಿ ಕನ್ನಡ, ಊರಲ್ಲಿ ತೆಲುಗು. ಬರೆಯಲು ಕುಳಿತಾಗ ಎರಡೂ ಬೆರೆಯುತ್ತವೆ. ಇಂದಿನ ತೆಲುಗಿನ ‘ದಿಗುಲು’ ಹೆಚ್ಚಾಗಿ ಕೊರಗು, ಚಿಂತೆ. ಕನ್ನಡದ ‘ದಿಗಿಲು’ ಹೆದರಿಕೆ. ಕೊರಗುವ ಅವ್ವನ ಬಗ್ಗೆ ‘ಅವ್ವಗೆ ದಿಗಿಲಾಗಿದೆ’ ಎಂದು ರಾಯಚೂರಿನ ನೆಂಟರಿಗೆ ಬರೆದು ನೋಡಿ. ಏನು ಅನಾಹುತವೋ ಎಂದು ಅವರು ಓಡಿ ಬಂದಾರು!

ಮೋಡ ಕವಿದಂಥ ಮನಸ್ಸಿಗೆ ಕನ್ನಡದಲ್ಲಿ ‘ದುಗುಡ’ ಎಂಬ ಹಳೆಯ ಮಾತಿದೆ. ಕುಮಾರವ್ಯಾಸನ ಭಾರತದಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಆಡುಮಾತಿನಲ್ಲಿ ಅಪರೂಪವಾದರೂ ಬರಹದಲ್ಲಿ ಉಳಿದಿದೆ. ‘ದುಗುಡದ ಮುಖ’, ‘ಮನಸ್ಸಿನ ದುಗುಡ’ ಎಂದು ಬರೆಯಬಹುದು. ಸಣ್ಣಪುಟ್ಟದ್ದಕ್ಕೆ ಇದು ಒಗ್ಗದು. ಬಸ್ಸು ತಪ್ಪಿದರೆ ಬೇಜಾರು. ಮಳೆ ಕೈಕೊಟ್ಟು, ಮಗ ಗುಳೆ ಹೋದ ಮನೆಯಲ್ಲಿ ದುಗುಡ. ಹೆದರಿಕೆಗೆ ಮಾತ್ರ ದಿಗಿಲು ಇರಲಿ.