‘ರೆಬೆಕಾ’ ನಮ್ಮನ್ನು ಯಾಕೆ ಹೆದರಿಸುತ್ತೆ? ಕೆಜಿಎಫ್ ಕಡೆಯಿಂದ ಒಂದು ಓದು

ಯೂಟ್ಯೂಬ್‌ನಲ್ಲಿ ಕೆಜಿಎಫ್ ಅಂತ ಹುಡುಕಿ ನೋಡಿ. ಯಶ್ ಸಿನಿಮಾದ ದೃಶ್ಯಗಳ ನಡುವೆ ‘ದೆವ್ವದ ಊರು’, ‘ಪಾಳುಬಿದ್ದ ಬಂಗಲೆ’ ಅನ್ನೋ ಥರದ ವಿಡಿಯೊಗಳೂ ಬರುತ್ತವೆ. ಸೂರು ಕುಸಿದ ಬ್ರಿಟಿಷ್ ಕಾಲದ ಮನೆ, ತುಕ್ಕು ಹಿಡಿದ ಗಣಿ ಶಾಫ್ಟ್, ಹಿಂದೆ ಸೈನೈಡ್ ದಿಬ್ಬ. ಈ ರುಚಿ ಹೊಸದೇನಲ್ಲ. ಹಳೇ ದೊಡ್ಡ ಮನೆ, ಮುಚ್ಚಿಟ್ಟ ಗುಟ್ಟು, ಸತ್ತರೂ ಮನೆ ಬಿಡದ ಒಬ್ಬರು: ಇಂಥ ಕತೆಗಳನ್ನು ಗೋಥಿಕ್ ಅಂತಾರೆ. ಈ ಸಾಲಿನಲ್ಲಿ ಜನ ಇವತ್ತಿಗೂ ಓದೋ ಕಾದಂಬರಿ, ಡಾಫ್ನೆ ಡು ಮೊರಿಯೆ ಬರೆದ ‘ರೆಬೆಕಾ’. ಬಂದಿದ್ದು 1938ರಲ್ಲಿ. 1940ರಲ್ಲಿ ಹಿಚ್‌ಕಾಕ್ ಸಿನಿಮಾ ಮಾಡಿದರು, ಅದಕ್ಕೆ ಆಸ್ಕರ್ ಬಂತು. 1964ರಲ್ಲಿ ಹಿಂದಿಯಲ್ಲಿ ‘ಕೊಹ್ರಾ’ ಆಯಿತು. 2020ರಲ್ಲಿ ನೆಟ್‌ಫ್ಲಿಕ್ಸ್ ಮತ್ತೆ ತೆಗೆಯಿತು.

ಯಾಕೆ ಇಷ್ಟು ಹಿಡಿದಿಡುತ್ತೆ ಈ ಕತೆ? ಅದನ್ನು ಹೇಳೋಕೆ ಕತೆಯ ಗುಟ್ಟನ್ನು ಬಿಟ್ಟುಕೊಡಲೇಬೇಕು.

ದೆವ್ವವೇ ಇಲ್ಲದ ದೆವ್ವದ ಕತೆ

ಶ್ರೀಮಂತ ಹೆಂಗಸೊಬ್ಬಳ ಬಳಿ ಸಂಬಳಕ್ಕಿರುವ ಬಡ ಹುಡುಗಿ, ಮ್ಯಾಕ್ಸಿಮ್ ಡಿ ವಿಂಟರ್ ಎಂಬ ಜಮೀನ್ದಾರನನ್ನು ಮದುವೆಯಾಗಿ ಅವನ ಮ್ಯಾಂಡರ್ಲಿ ಬಂಗಲೆಗೆ ಬರುತ್ತಾಳೆ. ಅವನ ಮೊದಲ ಹೆಂಡತಿ ರೆಬೆಕಾ ಸತ್ತು ವರ್ಷವಾಗಿದೆ. ಆದರೆ ಮನೆ ನಡೆಯೋದು ಇನ್ನೂ ಅವಳ ಕ್ರಮದಲ್ಲೇ. ಯಾವ ಹೊತ್ತಿಗೆ ಏನು ಊಟ, ಯಾವ ಕೋಣೆಯಲ್ಲಿ ಯಾವ ಹೂವು, ಎಲ್ಲ ಹಳೇ ಯಜಮಾನಿಯ ಪ್ರಕಾರ. ಆ ಕ್ರಮವನ್ನು ಕಾಯುವವಳು ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್. ಗಮನಿಸಿ, ಇಡೀ ಪುಸ್ತಕದಲ್ಲಿ ಒಂದೂ ದೆವ್ವ ಬರಲ್ಲ. ಕತೆ ಹೇಳುವ ಹುಡುಗಿಗೆ ಕೊನೆವರೆಗೂ ಹೆಸರೂ ಇಲ್ಲ.

ಹೆದರಿಕೆ ಇರೋದು ಇಲ್ಲೇ. ನೀನು ಆ ಮನೆಯಲ್ಲಿದ್ದೀಯ, ಆದರೆ ಮನೆ ನಿನ್ನದಲ್ಲ. ಯಾರೂ ಬಾಯಿಬಿಟ್ಟು ಹೊರಗೆ ಹೋಗು ಅನ್ನಲ್ಲ, ಆದರೆ ಪ್ರತಿ ಕುರ್ಚಿಯೂ ಅದನ್ನೇ ಹೇಳುತ್ತೆ. ಅತ್ತೆ ಮನೆಗೆ ಕಾಲಿಟ್ಟ ಹೊಸ ಸೊಸೆಗೆ, ದೊಡ್ಡ ಕಾಲೇಜಿಗೆ ಹೋದ ಮೊದಲ ತಲೆಮಾರಿನ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮನ್ನೂ ಶಾಮೀಲು ಮಾಡುವ ಬರವಣಿಗೆ

ಮುಂದೆ ಸಮುದ್ರದ ತಳದಲ್ಲಿ ರೆಬೆಕಾಳ ದೋಣಿ ಸಿಗುತ್ತೆ, ಒಳಗೆ ಅವಳ ಶವ. ಮ್ಯಾಕ್ಸಿಮ್ ಹೆಂಡತಿ ಹತ್ತಿರ ಒಪ್ಪಿಕೊಳ್ಳುತ್ತಾನೆ: ಗುಂಡು ಹೊಡೆದದ್ದು ತಾನೇ. ಆಗ ಆ ಹುಡುಗಿಗೆ ಮುಖ್ಯವಾಗೋದು ಕೊಲೆ ಅಲ್ಲ, ಅವನು ರೆಬೆಕಾಳನ್ನು ಯಾವತ್ತೂ ಪ್ರೀತಿಸಿರಲಿಲ್ಲ ಅನ್ನೋ ಸಮಾಧಾನ! ಓದುಗರಾದ ನಾವೂ ಅಷ್ಟೇ, ಇವನು ಸಿಕ್ಕಿಬೀಳದಿರಲಿ ಅಂತ ಪುಟ ತಿರುಗಿಸುತ್ತೇವೆ. ವಿಚಾರಣೆಯಲ್ಲಿ ಅದು ಆತ್ಮಹತ್ಯೆ ಅಂತ ತೀರ್ಮಾನವಾಗುತ್ತೆ. ಮ್ಯಾಕ್ಸಿಮ್‌ನ ಮನೆಯಲ್ಲಿ ಉಂಡುಹೋಗುವ ಮ್ಯಾಜಿಸ್ಟ್ರೇಟ್ ಕರ್ನಲ್ ಜೂಲಿಯನ್‌ಗೆ ನಿಜ ಗೊತ್ತಾಗಿರಬಹುದು ಅನ್ನೋ ಸುಳಿವಿದೆ. ಅವನು ಸುಮ್ಮನಾಗುತ್ತಾನೆ. ದೊಡ್ಡಮನೆಯವರನ್ನು ದೊಡ್ಡಮನೆಯವರೇ ಉಳಿಸಿಕೊಳ್ಳುವುದು ಹೀಗೆ.

ಅಂದಿನ ಹಾಲಿವುಡ್‌ನ ಸೆನ್ಸಾರ್ ನಿಯಮದ ಪ್ರಕಾರ, ಹೆಂಡತಿಯನ್ನು ಕೊಂದವನು ಶಿಕ್ಷೆಯಿಲ್ಲದೆ ಪಾರಾಗುವಂತೆ ತೋರಿಸುವ ಹಾಗಿರಲಿಲ್ಲ. ಹಾಗಾಗಿ ಹಿಚ್‌ಕಾಕ್ ಅದನ್ನು ಆಕಸ್ಮಿಕ ಸಾವು ಮಾಡಬೇಕಾಯಿತು. ಕಾದಂಬರಿಯಲ್ಲಿ ಈ ರಿಯಾಯಿತಿ ಇಲ್ಲ. ರೆಬೆಕಾ ಕೆಟ್ಟವಳು ಅಂತ ನಾವು ನಂಬೋದು, ಅವಳನ್ನು ಕೊಂದವನ ಮಾತಿನ ಮೇಲೆ. ಅವಳ ಕಡೆಯ ಕತೆ ಹೇಳೋಕೆ ಅವಳಿಲ್ಲ.

ಕಾರ್ನ್‌ವಾಲ್‌ನಿಂದ ಕೋಲಾರಕ್ಕೆ

ಇದಕ್ಕೂ ಕೆಜಿಎಫ್‌ಗೂ ಏನು ಸಂಬಂಧ? ಮ್ಯಾಂಡರ್ಲಿಗೆ ಪ್ರೇರಣೆಯಾದ ಮೆನಬಿಲಿ ಎಂಬ ಮನೆ ಇರೋದು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ. ಅದು ತಾಮ್ರ, ತವರದ ಗಣಿಗಳ ಸೀಮೆ. 19ನೇ ಶತಮಾನದಲ್ಲಿ ಆ ಗಣಿಗಳು ಕುಸಿದಾಗ ಅಲ್ಲಿನ ಕೆಲಸಗಾರರು ಜಗತ್ತಿನ ಬೇರೆ ಬೇರೆ ಗಣಿಗಳಿಗೆ ಹೊರಟರು. 1880ರಲ್ಲಿ ಕೋಲಾರಕ್ಕೆ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಗಣಿಗಳಿಗೂ ಬಂದರು. ಅಲ್ಲಿ ಗಣಿ ಕೆಲಸಗಾರರಾಗಿದ್ದವರು ಇಲ್ಲಿ ಮೇಲ್ವಿಚಾರಕರಾದರು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎದ್ದು ಊರಿಗೆ ‘ಪುಟ್ಟ ಇಂಗ್ಲೆಂಡ್’ ಅಂತ ಹೆಸರು ಬಿತ್ತು. 1902ರಲ್ಲೇ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂತು, ಬೆಂಗಳೂರಿಗೆ ಬರೋಕೆ ಮೂರು ವರ್ಷ ಮೊದಲೇ.

ಆಳದಲ್ಲಿ ಬಂಡೆ ಕೊರೆದವರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಬಂಡೆ ಸಿಡಿದು ಸತ್ತವರಿದ್ದಾರೆ, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಹಾಳಾದವರಿದ್ದಾರೆ. ಅವರು ವಾಸವಿದ್ದದ್ದು ಸಾಲು ಗುಡಿಸಲಿನ ‘ಲೈನ್’ಗಳಲ್ಲಿ. 1956ರಲ್ಲಿ ಗಣಿ ಸರ್ಕಾರದ್ದಾಯಿತು. 2001ರ ಫೆಬ್ರವರಿ 28ರಂದು ಮುಚ್ಚಿತು.

‘ಪುಟ್ಟ ಇಂಗ್ಲೆಂಡ್’ ಅಂತ ನಾವು ಹಂಬಲಿಸಿ ಹೇಳುವಾಗ ಕೇಳಿಸೋದು ಬಂಗಲೆಯ ಕತೆ ಮಾತ್ರ. ಮುಚ್ಚಿಟ್ಟ ಕೋಣೆಯಲ್ಲಿ ಏನಿತ್ತು? ಬೆಜವಾಡ ವಿಲ್ಸನ್ ಹುಟ್ಟಿದ್ದು ಇದೇ ಊರಲ್ಲಿ. ಅವರ ಮನೆಯವರು ಇಲ್ಲಿನ ಒಣ ಪಾಯಿಖಾನೆಗಳ ಮಲ ಹೊರುವ ಕೆಲಸದಲ್ಲಿದ್ದರು. ಬ್ರಿಟಿಷರು ಹೋದ ಮೇಲೂ, ಗಣಿ ಸರ್ಕಾರದ್ದಾದ ಮೇಲೂ ಆ ಪಾಯಿಖಾನೆಗಳು ಉಳಿದಿದ್ದವು. ವಿಲ್ಸನ್ ಹೋರಾಟ ಶುರು ಮಾಡಿದ್ದು ಇಲ್ಲಿಂದಲೇ. ಅದು ಸಫಾಯಿ ಕರ್ಮಚಾರಿ ಆಂದೋಲನವಾಗಿ ಬೆಳೆಯಿತು. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಯಜಮಾನ ಬದಲಾದರೂ ಮನೆಯ ಕ್ರಮ ಬದಲಾಗಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಹಾಗಾದರೆ ಓದಬೇಕಾ, ಬೇಡವಾ?

ಖಂಡಿತ ಓದಿ. ರಾತ್ರಿ ಶುರು ಮಾಡಿದರೆ ನಿದ್ದೆ ಕೆಡೋದು ಗ್ಯಾರಂಟಿ. ಯಜಮಾನನ ಪರ ನಮ್ಮ ಮನಸ್ಸು ಹೇಗೆ ವಾಲುತ್ತೆ ಅನ್ನೋದನ್ನು ನಮ್ಮ ಮೇಲೇ ಪ್ರಯೋಗ ಮಾಡಿ ತೋರಿಸುವ ಪುಸ್ತಕಗಳು ಕಡಿಮೆ. ಆದರೆ ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಕತೆಯಲ್ಲಿ ಯಾರ ಮಾತು ನನ್ನ ಕಿವಿಗೆ ಬೀಳಲಿಲ್ಲ?

ಅದೇ ಪ್ರಶ್ನೆಯನ್ನು ‘ದೆವ್ವದ ಊರು’ ವಿಡಿಯೊಗಳಿಗೂ ಕೇಳಿ. 2011ರ ಜನಗಣತಿಯಲ್ಲಿ ಕೆಜಿಎಫ್ ನಗರದ ಜನಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು. ಮಾರಿಕುಪ್ಪಂನಲ್ಲಿ ಹೊರಡುವ ರೈಲು ಬಂಗಾರಪೇಟೆ ಮುಟ್ಟಿ, ಕೂಲಿಗೆ, ಕಂಪನಿ ಕೆಲಸಕ್ಕೆ ಹೋಗುವವರನ್ನು ಬೆಂಗಳೂರಿಗೆ ಕರೆದೊಯ್ಯುತ್ತೆ. ಸಂಜೆ ಅವರು ವಾಪಸ್ ಬರುತ್ತಾರೆ. ಗಣಿ ಮುಚ್ಚಿದ ಮೇಲೂ ಕಂಪನಿ ಕ್ವಾರ್ಟರ್ಸ್‌ನಲ್ಲೇ ಉಳಿದ ಕಾರ್ಮಿಕ ಕುಟುಂಬಗಳು, ಈ ಮನೆ ನಮ್ಮ ಹೆಸರಿಗೆ ಯಾವಾಗ ಆಗುತ್ತೆ ಅಂತ ಕೇಳುತ್ತಲೇ ಬಂದಿವೆ. ಮನೆಯೊಳಗಿದ್ದೂ ಮನೆ ತನ್ನದಾಗದ ಭಯವನ್ನು ಮ್ಯಾಂಡರ್ಲಿಯ ಆ ಹೆಸರಿಲ್ಲದ ಹುಡುಗಿ ಕೆಲವು ತಿಂಗಳು ಅನುಭವಿಸಿದಳು. ಇವರು ತಲೆಮಾರುಗಳಿಂದ ಅದರಲ್ಲೇ ಬದುಕಿದ್ದಾರೆ. ಇವರಿಗೆ ಹೆಸರೂ ಇದೆ, ಹಕ್ಕೂ ಇದೆ. ಬರಬೇಕಾಗಿರೋದು ಹಕ್ಕುಪತ್ರ.