ಸೋಡಿಯಂ ವಿದ್ಯುತ್ಕೋಶದ ದ್ವಾರದ್ರವ್ಯಗಳು

ವಿದ್ಯುತ್ಕೋಶದ ಧ್ರುವಗಳಿಗೆ ಕನ್ನಡ ಶಾಸ್ತ್ರಗ್ರಂಥಗಳಲ್ಲಿ ‘ವಿದ್ಯುದ್ವಾರ’ವೆಂಬ ಹೆಸರುಂಟು. ಸೋಡಿಯಂ ಕೋಶದಲ್ಲಿ ಈ ಹೆಸರು ಅನ್ವರ್ಥವಾಗಿದೆ, ಅದೆಂತೆಂದರೆ, ವಿದ್ಯುತ್ತನ್ನು ತುಂಬುವಾಗ ಸೋಡಿಯಂ ಅಯಾನುಗಳು ಧನದ್ವಾರದಿಂದ ಹೊರಟು ಋಣದ್ವಾರವನ್ನು ಹೊಗುವುವು, ವ್ಯಯಿಸುವಾಗ ಮರಳುವುವು.

ಲಿಥಿಯಂ ಧಾತುವು ವಿರಳ. ಮಂಡ್ಯ ಜಿಲ್ಲೆಯಲ್ಲಿ ಕಂಡುಬಂದುದಾಗಿ 2021ರಲ್ಲಿ ತಿಳಿಸಲಾದ ನಿಕ್ಷೇಪವು 1,600 ಟನ್ನು ಮಾತ್ರ. ಸೋಡಿಯಮೋ ಅಡುಗೆಯ ಉಪ್ಪಿನಲ್ಲಿಯೂ, ಬಾದಾಮಿ ಸೀಮೆಯಲ್ಲಿ ಹರಿಯುವ ಮಲಪ್ರಭೆಯ ಕಾಲುವೆಗಳ ಕೆಳಗೆ ಸವುಳಾದ ಹೊಲಗಳಲ್ಲಿಯೂ ಇರುವುದು.

ಆದರೆ ಲಿಥಿಯಮಿಗೆ ಎಡೆಗೊಡುವ ಗ್ರಾಫೈಟು ಸೋಡಿಯಮಿಗೆ ಸಾಮಾನ್ಯವಾಗಿ ಎಡೆಗೊಡದು. ಲಿಥಿಯಂ ಅಯಾನಿನ ತ್ರಿಜ್ಯವು 0.76 ಆಂಗ್‌ಸ್ಟ್ರಾಂ, ಸೋಡಿಯಮಿನದು 1.02, ಈ ಗಾತ್ರವೇ ಕಾರಣವೆಂದರೆ ಆ ಹೇತುವು ವ್ಯಭಿಚರಿಸುವುದು, ಇನ್ನೂ ದೊಡ್ಡದಾದ ಪೊಟ್ಯಾಸಿಯಂ ಅದೇ ಗ್ರಾಫೈಟನ್ನು ಹೊಗುವುದರಿಂದ. ಇಂಗಾಲದೊಡನೆ ಸೋಡಿಯಮಿನ ಬಂಧವು ದುರ್ಬಲವೆಂಬುದೇ ಸಮಾಧಾನ. ಆದುದರಿಂದ ಪದರಗಳು ಕ್ರಮಗೆಟ್ಟಿರುವ ಗಡಸು ಇಂಗಾಲವನ್ನು ಋಣದ್ವಾರಕ್ಕೆ ಬಳಸುವರು.

ಧನದ್ವಾರಕ್ಕೆ ಕಬ್ಬಿಣದ ಸಲ್ಫೇಟೊಂದನ್ನು ಪ್ರಬೀರ್ ಬರ್ಪಂಡ, ಅತ್ಸುವೊ ಯಮಾದ ಮೊದಲಾದವರು 2014ರಲ್ಲಿ ಪ್ರಕಟಿಸಿದರು. ಅದರ ವಿಭವವು 3.8 ವೋಲ್ಟು. ಬರ್ಪಂಡರು ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಶೋಧವನ್ನು ಮುಂದುವರಿಸಿದರು. ಕಬ್ಬಿಣವು ಸುಲಭವಾದುದು ಇದರ ಗುಣ; ತೇವವನ್ನು ಹೀರುವುದು ದೋಷ.

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡವು 2025ರಲ್ಲಿ ಋಣದ್ವಾರಕ್ಕೆ ನಯೋಬಿಯಂಯುಕ್ತ ಫಾಸ್ಫೇಟನ್ನು ಮುಂದಿಟ್ಟಿತು. ಕಣಗಳನ್ನು ಅತಿಸೂಕ್ಷ್ಮಗೊಳಿಸಿ, ಇಂಗಾಲವನ್ನು ಲೇಪಿಸಿ, ಕಿಂಚಿತ್ ಅಲ್ಯುಮಿನಿಯಮನ್ನು ಬೆರೆಸಿದುದರಿಂದ ಕೋಶವು ಆರು ನಿಮಿಷಗಳಲ್ಲಿ ನೂರಕ್ಕೆ 80ರಷ್ಟು ತುಂಬುವುದೆಂದೂ, 3,000ಕ್ಕೂ ಹೆಚ್ಚು ಆವರ್ತನಗಳನ್ನು ತಾಳುವುದೆಂದೂ ಅವರ ಹೇಳಿಕೆ. ಆದರೆ ನಯೋಬಿಯಂ ಕಬ್ಬಿಣದಂತೆ ಸುಲಭವಲ್ಲ.

ಸೋಡಿಯಂ ಅಗ್ಗವಾದ ಮಾತ್ರಕ್ಕೆ ಕೋಶವು ಅಗ್ಗವಾಗದು. ಬೇಗನೆ ತೆರೆದು, ಬಹುಕಾಲ ಸವೆಯದೆ, ಅಲ್ಪಮೂಲ್ಯಕ್ಕೆ ದೊರೆಯುವ ದ್ವಾರವೇ ಇಲ್ಲಿ ಸಾಧ್ಯವಾಗಬೇಕಾದ ವಸ್ತು.